ನಮ್ಮ ಊರಿಗೆ ಕೇಳುವ ಬಾನುಲಿ: ಯಾವ ಕೇಂದ್ರ ಯಾವುದಕ್ಕೆ?

ಡೆಂಕಣಿಕೋಟೆ, ತಳಿ, ಹೊಸೂರುಗಳ ಸುತ್ತಿನ ಹಳ್ಳಿಗಳಲ್ಲಿ ಸಂಜೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯ ಗೂಡಿನಲ್ಲೊಂದು ಸಣ್ಣ ರೇಡಿಯೋ ಪೆಟ್ಟಿಗೆ ಹಾಡುತ್ತಿರುವುದು ಇಂದಿಗೂ ಅಪರೂಪವಲ್ಲ. ಆ ಪೆಟ್ಟಿಗೆಯ ಮುಳ್ಳನ್ನು ೧೦೨.೯ರ ಮೇಲೆ ನಿಲ್ಲಿಸಿದರೆ ಬೆಂಗಳೂರಿನ ವಿವಿಧ ಭಾರತಿ, ಕನ್ನಡದಲ್ಲಿ. ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದರೆ ೧೦೨.೫ರಲ್ಲಿ ಧರ್ಮಪುರಿಯ ಆಕಾಶವಾಣಿ, ತಮಿಳಿನಲ್ಲಿ. ಎರಡಕ್ಕೂ ನಡುವೆ ಇರುವ ಅಂತರ ಒಂದು ಮೆಗಾಹರ್ಟ್ಸಿನ ಅರ್ಧಕ್ಕಿಂತಲೂ ಕಡಮೆ. ಹಸು ಬಾಲ ಬೀಸಿ ತಂತಿಗೆ ತಗುಲಿದರೆ ಸಾಕು, ಕೇಳುತ್ತಿದ್ದ ಭಾಷೆಯೇ ಬದಲಾಗುವುದುಂಟು.

ಗಡಿಯಾಚೆ ಬಾಳುವ ನಮ್ಮ ಸ್ಥಿತಿಯೂ ಆ ಮುಳ್ಳಿನಂತೆಯೇ. ನೆಲ ಮೈಸೂರು ಸೀಮೆಯ ಹಾಗೆ ಎತ್ತರದ ಬಯಲು, ಮನೆಮಾತು ಕನ್ನಡ, ಕಂದಾಯ, ಪಟ್ಟಾ, ಸಹಾಯಧನ ಎಲ್ಲವೂ ತಮಿಳುನಾಡಿನದು. ಹೀಗಿರಲು ಯಾವ ಕೇಂದ್ರದ ಮಾತನ್ನು ಯಾವ ಕೆಲಸಕ್ಕೆ ನೆಚ್ಚಬೇಕು ಎಂಬುದನ್ನು ತಿಳಿಯದೆ ಕೇಳಿದರೆ ಕಾಲವೂ ಹಣವೂ ವ್ಯರ್ಥವಾಗುವುದು. ಬಾನುಲಿ ಕೇಂದ್ರಗಳಲ್ಲಿ ಎಷ್ಟು ಬಗೆ, ಅವುಗಳ ಕಾರ್ಯಕ್ರಮಗಳು ಏಕೆ ಬೇರೆ ಬೇರೆಯಾಗಿವೆ, ಅವುಗಳಿಂದ ರೈತನಿಗೆ ಆಗುವ ಉಪಯೋಗವೇನು, ಆಗದೆ ಉಳಿಯುವ ಕೊರತೆಯೇನು ಎಂಬುದನ್ನು ಈ ವಾರ ವಿಚಾರ ಮಾಡೋಣ.

ಎಫ್.ಎಂ. ಎಂದರೇನು?

ಜಾತ್ರೆಯಲ್ಲಿ ದೂರದಿಂದ ತಮಟೆಯ ಸದ್ದು ಕೇಳಿಬರುವುದನ್ನು ನೆನೆಯಿರಿ. ಗಾಳಿ ನಮ್ಮ ಕಡೆ ಬೀಸಿದಾಗ ಸದ್ದು ಜೋರು, ಅತ್ತ ಬೀಸಿದಾಗ ಸಣ್ಣದು. ಬಾರಿಸುವವನು ಪೆಟ್ಟಿನ ಜೋರಿನಿಂದಲೇ ನಮಗೆ ಏನಾದರೂ ತಿಳಿಸಲು ಹೊರಟರೆ ಗಾಳಿ ಅದನ್ನು ಕೆಡಿಸಿಬಿಡುವುದು. ಆದರೆ ಅವನು ಪೆಟ್ಟಿನ ವೇಗವನ್ನು ಹೆಚ್ಚು ಕಡಮೆ ಮಾಡಿ ತಿಳಿಸಿದರೆ ಗಾಳಿ ಏನೂ ಮಾಡಲಾರದು. ಸದ್ದು ಸಣ್ಣದಾದರೂ ಪೆಟ್ಟುಗಳ ಎಣಿಕೆ ತಪ್ಪುವುದಿಲ್ಲ.

ಹಳೆಯ ಮಧ್ಯಮ ತರಂಗದ ರೇಡಿಯೋ ಮೊದಲನೆಯ ಬಗೆ. ಅಲ್ಲಿ ಧ್ವನಿಗೆ ತಕ್ಕಂತೆ ತರಂಗದ ಎತ್ತರವನ್ನು ಏರಿಳಿಸುವರು. ಮಿಂಚು ಹೊಡೆದರೆ, ಪಕ್ಕದ ಬಾವಿಯ ಮೋಟಾರು ಓಡಿದರೆ, ಆ ಎತ್ತರ ಕೆಟ್ಟು ಗರಗರ ಸದ್ದು ಬರುವುದು ಅದರಿಂದಲೇ. ಎಫ್.ಎಂ. ಎರಡನೆಯ ಬಗೆ. ಅಲ್ಲಿ ತರಂಗದ ಎತ್ತರ ಒಂದೇ ಸಮನಾಗಿದ್ದು, ಸೆಕೆಂಡಿಗೆ ಎಷ್ಟು ಸಲ ಎಂಬ ಎಣಿಕೆ ಮಾತ್ರ ಧ್ವನಿಗೆ ತಕ್ಕಂತೆ ಬದಲಾಗುವುದು. ಆದುದರಿಂದ ಧ್ವನಿ ತಿಳಿಯಾಗಿರುವುದು.

ಈ ಗುಣಕ್ಕೆ ಪ್ರತಿಯಾಗಿ ಒಂದು ದೋಷವೂ ಉಂಟು. ಮಧ್ಯಮ ತರಂಗ ನೆಲವನ್ನು ಹಿಡಿದು ದೂರ ಹೋಗುವುದು. ರಾತ್ರಿಯಲ್ಲಿ ಆಕಾಶದ ಮೇಲ್ಪದರಕ್ಕೆ ತಗುಲಿ ಇನ್ನೂ ದೂರಕ್ಕೆ ಹಿಂದಿರುಗುವುದು. ಬೆಂಗಳೂರು ಆಕಾಶವಾಣಿಯ ೬೧೨ ಕಿಲೋಹರ್ಟ್ಸ್ ಪ್ರಸಾರವನ್ನು ನಮ್ಮ ಹಿರಿಯರು ಬೆಟ್ಟದ ಮರೆಯ ಹಳ್ಳಿಗಳಲ್ಲಿಯೂ ಕೇಳುತ್ತಿದ್ದುದು ಹೀಗೆ. ಎಫ್.ಎಂ. ತರಂಗ ಬಹುಮಟ್ಟಿಗೆ ಬೆಳಕಿನಂತೆ ನೆಟ್ಟಗೆ ಹೋಗುವುದು. ಕಂಬದ ತುದಿಯಿಂದ ಕಣ್ಣು ಹಾಯುವಷ್ಟು ದೂರವೇ ಅದರ ಸೀಮೆ. ಬಯಲು ನೆಲದಲ್ಲಿ ೧೦೦ ಮೀಟರ್ ಎತ್ತರದ ಕಂಬದಿಂದ ಸುಮಾರು ೪೦ ಕಿಲೋಮೀಟರ್, ೩೦ ಮೀಟರ್ ಕಂಬದಿಂದ ಸುಮಾರು ೨೨ ಕಿಲೋಮೀಟರ್ ದೂರದವರೆಗೆ ನೇರದ ದಾರಿ ಇರುವುದೆಂದು ಲೆಕ್ಕ. ಕೇಳುವವನು ಎತ್ತರದಲ್ಲಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ನಡುವೆ ಬೆಟ್ಟವಿದ್ದರೆ ಅಲ್ಲಿಗೇ ಮುಗಿಯಿತು.

ಈಗ ನಮ್ಮ ಸೀಮೆಯನ್ನು ನೋಡಿರಿ. ಹೊಸೂರು ಬೆಂಗಳೂರಿಗೆ ಸುಮಾರು ೪೦ ಕಿಲೋಮೀಟರ್, ಎರಡೂ ಒಂದೇ ಎತ್ತರದ ಬಯಲಿನ ಮೇಲಿವೆ. ಆದಕಾರಣ ಬೆಂಗಳೂರಿನ ಕೇಂದ್ರಗಳು ಹೊಸೂರಿನಲ್ಲಿ ತಿಳಿಯಾಗಿ ಕೇಳಿಸುವುವು. ಅಂಚೆಟ್ಟಿ, ಉರಿಗಂ ಕಡೆ ನೆಲ ಕಾವೇರಿಯ ಕಣಿವೆಗೆ ಇಳಿಯುವುದು. ಬೆಟ್ಟಗಳು ಅಡ್ಡ ಬರುವುವು. ಅಲ್ಲಿಯ ಜನ “ನಮ್ಮ ಪೆಟ್ಟಿಗೆ ಕೆಟ್ಟಿದೆ” ಎಂದು ಅಂಗಡಿಗೆ ಕೊಂಡೊಯ್ಯುವರು. ಕೆಟ್ಟಿರುವುದು ಪೆಟ್ಟಿಗೆಯಲ್ಲ, ಅಡ್ಡವಿರುವುದು ಬೆಟ್ಟ.

ಕೇಂದ್ರಗಳು ಬೆಳೆದು ಬಂದ ಬಗೆ

ಕನ್ನಡ ನಾಡಿನಲ್ಲಿ ಬಾನುಲಿಯನ್ನು ಮೊದಲು ನೆಟ್ಟವರು ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. ೧೯೩೫ರಲ್ಲಿ ತಮ್ಮ ಮನೆಯಿಂದಲೇ ಅವರು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಮುಂದೆ ಅದೇ ಹೆಸರು ದೇಶಕ್ಕೆಲ್ಲ ಹರಡಿತು. ಧಾರವಾಡದಲ್ಲಿ ೧೯೫೦ರಲ್ಲಿ, ಬೆಂಗಳೂರಿನಲ್ಲಿ ೧೯೫೫ರಲ್ಲಿ ಕೇಂದ್ರಗಳು ತೆರೆದವು. ಮರುವರ್ಷ, ೧೯೫೬ರ ನವೆಂಬರ್ ೧ರಂದು ಭಾಷಾವಾರು ಪ್ರಾಂತಗಳಾದಾಗ ಹೊಸೂರು ತಾಲ್ಲೂಕು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಗಡಿಯ ಗೆರೆ ನೆಲದ ಮೇಲೆ ಬಿದ್ದಿತೇ ಹೊರತು ಆಕಾಶದಲ್ಲಿ ಬೀಳಲಿಲ್ಲ. ಅತ್ತಿಬೆಲೆಗೂ ಜೂಜುವಾಡಿಗೂ ನಡುವಣ ಎಲ್ಲೆಯನ್ನು ದಾಟಲು ತರಂಗಕ್ಕೆ ರಹದಾರಿ ಬೇಡ.

ದೇಶದಲ್ಲಿ ಎಫ್.ಎಂ. ಪ್ರಸಾರ ಮೊದಲು ನಡೆದದ್ದು ೧೯೭೭ರಲ್ಲಿ, ಮದರಾಸಿನಲ್ಲಿ. ಒಂದು ಜಿಲ್ಲೆಯ ಜನರಿಗಾಗಿಯೇ ಇರುವ ಸ್ಥಳೀಯ ಕೇಂದ್ರ ಎಂಬ ಕಲ್ಪನೆಯೂ ಮೊದಲು ರೂಪುಗೊಂಡದ್ದು ತಮಿಳುನಾಡಿನ ನಾಗರಕೋಯಿಲಿನಲ್ಲಿ, ೧೯೮೪ರಲ್ಲಿ. ೧೯೯೫ರಲ್ಲಿ ಸುಪ್ರೀಂ ಕೋರ್ಟು ಬಾನ ತರಂಗಗಳು ಸಾರ್ವಜನಿಕರ ಸೊತ್ತು ಎಂದು ತೀರ್ಪಿತ್ತಿತು. ಆ ಬಳಿಕ ಖಾಸಗಿಯವರಿಗೂ ದಾರಿ ತೆರೆಯಿತು; ೨೦೦೧ರ ಜುಲೈ ತಿಂಗಳಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರವಾದ ರೇಡಿಯೋ ಸಿಟಿ ಬೆಂಗಳೂರಿನಲ್ಲಿ ಮಾತಾಡತೊಡಗಿತು. ೨೦೦೬ರಲ್ಲಿ ಊರ ಸಂಘಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬರುವುದು.

ನಾಲ್ಕು ಬಗೆ, ನಾಲ್ಕು ಗುರಿ

ಸಂತೆಯಲ್ಲಿ ಬಟ್ಟೆಯ ಅಂಗಡಿಗೆ ಹೋಗಿ ಉಪ್ಪು ಕೇಳುವವರಿಲ್ಲ. ಬಾನುಲಿಯಲ್ಲಿಯೂ ಯಾವ ಕೇಂದ್ರದಲ್ಲಿ ಯಾವ ಸರಕು ಎಂಬುದನ್ನು ಮೊದಲು ತಿಳಿಯಬೇಕು.

ಮೊದಲನೆಯದು ಆಕಾಶವಾಣಿಯ ಮುಖ್ಯ ಪ್ರಸಾರ ಮತ್ತು ಜಿಲ್ಲಾ ಕೇಂದ್ರಗಳು. ಇವುಗಳ ದಿನಚರಿ ಒಂದು ದೊಡ್ಡ ಕುಟುಂಬದ ಊಟದ ಎಲೆಯಂತೆ. ಬೆಳಗ್ಗೆ ಭಕ್ತಿಗೀತೆ, ವಾರ್ತೆ, ಹಗಲು ಮಹಿಳೆಯರಿಗೆ, ಮಕ್ಕಳಿಗೆ, ಸಂಜೆ ರೈತರಿಗೆ, ರಾತ್ರಿ ಭಾಷಣ, ನಾಟಕ, ಸಂಗೀತ. ಬೆಂಗಳೂರಿನ ಕೃಷಿರಂಗವನ್ನು ಕೇಳಿ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಧರ್ಮಪುರಿಯದು ಇದೇ ಬಗೆಯ ಕೇಂದ್ರ, ತಮಿಳಿನಲ್ಲಿ. ರೈತರಿಗಾಗಿ ‘ಕಿಸಾನ್ ವಾಣಿ’ ಎಂಬ ಕಾರ್ಯಕ್ರಮವನ್ನು ಆಕಾಶವಾಣಿ ೨೦೦೪ರಲ್ಲಿ ತನ್ನ ೯೬ ಎಫ್.ಎಂ. ಕೇಂದ್ರಗಳಿಂದ ಆರಂಭಿಸಿತು, ಆಯಾ ಸೀಮೆಯ ಬೆಳೆ, ಹವೆ, ಪೇಟೆಧಾರಣೆಗಳನ್ನು ಆಯಾ ಸೀಮೆಯ ಮಾತಿನಲ್ಲಿ ತಿಳಿಸಬೇಕೆಂಬುದು ಅದರ ಉದ್ದೇಶ.

ಎರಡನೆಯದು ಒಂದೇ ಸರಕಿನ ಕೇಂದ್ರಗಳು. ೧೯೫೭ರಲ್ಲಿ ಹುಟ್ಟಿದ ವಿವಿಧ ಭಾರತಿಗೆ ಚಿತ್ರಗೀತೆ, ಕೇಳುಗರ ಮೆಚ್ಚಿಗೆ ಮುಖ್ಯ. ಬೆಂಗಳೂರಿನ ೧೦೦.೧ರ ಅಮೃತವರ್ಷಿಣಿಗೆ ಶಾಸ್ತ್ರೀಯ ಸಂಗೀತ ಮುಖ್ಯ. ೧೦೧.೩ರ ಕಾಮನಬಿಲ್ಲು ಹಾಡಿನ ನಡುವೆ ಹರಟೆ, ಮಾಹಿತಿಗಳನ್ನು ಬೆರೆಸುವುದು.

ಮೂರನೆಯದು ಖಾಸಗಿ ಕೇಂದ್ರಗಳು. ಇವುಗಳ ಜೀವನ ಜಾಹೀರಾತಿನಿಂದ. ಜಾಹೀರಾತು ಕೊಡುವವನು ಆಭರಣದ ಅಂಗಡಿಯವನು, ಮನೆ ಕಟ್ಟಿ ಮಾರುವವನು. ಅವನಿಗೆ ಬೇಕಾದವರು ನಗರದ ಕೊಳ್ಳುಗರು. ಆದುದರಿಂದ ಇಡೀ ದಿನದ ಏರ್ಪಾಡು ನಗರದವರ ಗಡಿಯಾರಕ್ಕೆ ಹೊಂದಿರುವುದು. ಬೆಳಗ್ಗೆ ಕಚೇರಿಗೆ ಹೋಗುವಾಗ ಮತ್ತು ಸಂಜೆ ಹಿಂದಿರುಗುವಾಗ ಹೆಚ್ಚು ಮಾತು, ಹಾಸ್ಯ, ಯಾವ ರಸ್ತೆಯಲ್ಲಿ ವಾಹನಗಳು ನಿಂತಿವೆ ಎಂಬ ವಿವರ, ಮಧ್ಯಾಹ್ನ ಹಾಡು, ರಾತ್ರಿ ಹಳೆಯ ಹಾಡು. ಹೊಸ ಚಿತ್ರದ ಗೀತೆಯೊಂದು ದಿನಕ್ಕೆ ಹಲವು ಬಾರಿ ಬರುವುದೂ ಲೆಕ್ಕಾಚಾರವೇ. ಪೆಟ್ಟಿಗೆ ತಿರುಗಿಸಿದವನಿಗೆ ಯಾವ ಹೊತ್ತಿನಲ್ಲಿಯೂ ಪರಿಚಿತ ಹಾಡು ಸಿಕ್ಕಲಿ ಎಂದು. ಬೆಂಗಳೂರಿನ ಖಾಸಗಿ ಕೇಂದ್ರಗಳು ಮೊದಮೊದಲು ಹಿಂದಿ, ಇಂಗ್ಲಿಷ್ ಹಾಡುಗಳಿಗೆ ಹೆಚ್ಚು ಒಲಿದಿದ್ದವು. ಕೇಳುಗರು ಎಲ್ಲಿದ್ದಾರೆಂದು ತಿಳಿದ ಮೇಲೆ ಹೆಚ್ಚಿನವು ಕನ್ನಡಕ್ಕೆ ತಿರುಗಿದವು. ಇದರಿಂದ ಗಡಿಯಾಚೆಯ ನಮಗೂ ದಿನವಿಡೀ ಕನ್ನಡ ಕಿವಿಗೆ ಬೀಳುವಂತಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಸ್ವಂತ ವಾರ್ತೆ ಓದಲು ಖಾಸಗಿಯವರಿಗೆ ಅನುಮತಿಯಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು, ಅಷ್ಟೇ. ರಾಯಕೋಟೆಯ ಟೊಮೇಟೊ ಧಾರಣೆಯನ್ನು ಇವರು ಹೇಳುವುದಿಲ್ಲವೆಂದು ದೂರುವುದು ಬಟ್ಟೆಯ ಅಂಗಡಿಯಲ್ಲಿ ಉಪ್ಪು ಕೇಳಿದಂತೆಯೇ.

ನಾಲ್ಕನೆಯದು ಸಮುದಾಯ ಬಾನುಲಿ. ಲಾಭಕ್ಕಲ್ಲದೆ, ಸುತ್ತಿನ ಹತ್ತಿಪ್ಪತ್ತು ಹಳ್ಳಿಗಳ ಜನ ತಮಗಾಗಿ ತಾವೇ ನಡೆಸುವಂಥದು. ದೇಶದಲ್ಲಿ ಈಗ ಇಂಥವು ಸುಮಾರು ಐದುನೂರು ಇವೆ.

ಮಣ್ಣಿನ ಮಾತು, ಸರ್ಕಾರದ ಮಾತು

ಕೆಲವು ವರ್ಷಗಳ ಹಿಂದೆ ನಾವು ಬೆಂಗಳೂರಿನ ಪ್ರಸಾರದಲ್ಲಿ ಕೃಷಿ ಹೊಂಡದ ಸಹಾಯಧನದ ಮಾತನ್ನು ಕೇಳಿದೆವು. ಮಳೆಯ ನೀರು ಹಿಡಿಯಲು ಹೊಂಡ ತೋಡಿದರೆ ಸರ್ಕಾರ ಹಣ ಕೊಡುವುದೆಂದು ಕೇಳಿ, ಇಬ್ಬರು ನೆರೆಯವರನ್ನೂ ಕರೆದುಕೊಂಡು, ಒಂದು ದಿನದ ಕೆಲಸ ಬಿಟ್ಟು, ಕಾಗದಪತ್ರಗಳ ಕಟ್ಟಿನೊಡನೆ ಕಚೇರಿಗೆ ಹೋದೆವು. ಅಲ್ಲಿಯವರು ಕಾಗದ ನೋಡಿ ನಕ್ಕರು. “ಮೇಷ್ಟ್ರೇ, ನೀವು ಹೇಳುತ್ತಿರುವುದು ಕರ್ನಾಟಕದ ಯೋಜನೆ. ನಿಮ್ಮ ಹೊಲ ಇರುವುದು ಇಲ್ಲಿ” ಎಂದರು. ತಪ್ಪು ಅವರದಲ್ಲ, ಬಾನುಲಿಯದೂ ಅಲ್ಲ. ಅದು ೨೦೧೪ರಲ್ಲಿ ಕರ್ನಾಟಕ ತನ್ನ ರೈತರಿಗಾಗಿ ಆರಂಭಿಸಿದ ಕೃಷಿಭಾಗ್ಯ. ಕಿವಿ ಗಡಿ ದಾಟಿತು, ಪಟ್ಟಾ ದಾಟಲಿಲ್ಲ.

ಇತ್ತ ತಮಿಳುನಾಡು ಹನಿ ನೀರಾವರಿಗೆ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಶೇಕಡ ೧೦೦, ಇತರರಿಗೆ ಶೇಕಡ ೭೫ ಸಹಾಯಧನ ಕೊಡುತ್ತ ಬಂದಿರುವುದು ತಮಿಳು ಪ್ರಸಾರಗಳಲ್ಲಿ ಬರುತ್ತಲೇ ಇತ್ತು. ಅದನ್ನು ನಾವು ಕೇಳಿರಲಿಲ್ಲ. ಮುಳ್ಳು ೧೦೨.೯ರಲ್ಲಿಯೇ ಅಂಟಿತ್ತು.

ಇದರಿಂದ ನಾವು ಕಲಿತ ಪಾಠ ಸರಳವಾದದ್ದು. ಬೇಸಾಯದ ಮಾತಿನಲ್ಲಿ ಎರಡು ಬಗೆ: ಒಂದು ಮಣ್ಣಿನ ಮಾತು, ಇನ್ನೊಂದು ಸರ್ಕಾರದ ಮಾತು.

ಮಣ್ಣಿನ ಮಾತು ಎಂದರೆ ಬಿತ್ತನೆಯ ಕಾಲ, ತಳಿ, ರೋಗ, ಹವೆ. ಇದು ನೆಲದ ಎತ್ತರವನ್ನೂ ಮಳೆಯನ್ನೂ ಅನುಸರಿಸುವುದು. ಹೊಸೂರು, ತಳಿಗಳು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿವೆ, ಬೆಂಗಳೂರಿನಂತೆಯೇ. ಧರ್ಮಪುರಿ ಅದರ ಸುಮಾರು ಅರ್ಧದಷ್ಟು ಎತ್ತರದಲ್ಲಿದ್ದು ಹೆಚ್ಚು ಬಿಸಿಲಿನ ಸೀಮೆ. ಆದುದರಿಂದ ಬೆಂಕಿರೋಗವನ್ನು ತಡೆಯುವ ಜಿ.ಪಿ.ಯು. ೨೮ ರಾಗಿಯ ಬಗ್ಗೆಯೋ, ಮಂಜು ಬಿದ್ದಾಗ ಗುಲಾಬಿಗೆ ಬರುವ ಬೂದಿರೋಗದ ಬಗ್ಗೆಯೋ ಬೆಂಗಳೂರು ಹೇಳುವ ಮಾತು ನಮ್ಮ ಹೊಲಕ್ಕೆ ಚೆನ್ನಾಗಿ ಹೊಂದುವುದು. ಕೃಷ್ಣಗಿರಿ, ಕಾವೇರಿಪಟ್ಟಣಗಳ ತಗ್ಗಿನವರಿಗೆ, ಮಾವಿನ ತೋಟದವರಿಗೆ, ಧರ್ಮಪುರಿಯ ಮಾತೂ ಪೈಯೂರಿನ ಸಂಶೋಧನಾ ಕೇಂದ್ರದ ಸಲಹೆಯೂ ಹೆಚ್ಚು ಹತ್ತಿರ.

ಸರ್ಕಾರದ ಮಾತು ಎಂದರೆ ಸಹಾಯಧನ, ವಿಮೆ, ಸಾಲ, ಖರೀದಿ, ಕಾಗದ. ಇದು ನೆಲವನ್ನಲ್ಲ, ಗಡಿಯನ್ನು ಅನುಸರಿಸುವುದು. ಬೆಂಗಳೂರು ‘ಪಹಣಿ ತನ್ನಿ’ ಎನ್ನುವುದು. ನಮ್ಮಲ್ಲಿ ಕೇಳುವುದು ಚಿಟ್ಟಾ, ಅಡಂಗಲ್. ಬೆಂಗಳೂರು ‘ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ’ ಎನ್ನುವುದು. ನಾವು ಹೋಗಬೇಕಾದದ್ದು ನಮ್ಮ ಬ್ಲಾಕಿನ ವಿಸ್ತರಣಾ ಕೇಂದ್ರಕ್ಕೆ. ಈ ವಿಷಯದಲ್ಲಿ ತಮಿಳು ಪ್ರಸಾರವನ್ನೇ ಕೇಳತಕ್ಕದ್ದು. ಭಾಷೆ ಪೂರ್ತಿ ತಿಳಿಯದ ಹಿರಿಯರು ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ೨೦೦೬ರ ಕಾಯಿದೆಯಿಂದ ಇಲ್ಲಿಯ ಶಾಲೆಗಳಲ್ಲಿ ತಮಿಳು ಕಡ್ಡಾಯವಾದ ಮೇಲೆ ಮಕ್ಕಳಿಗೆ ಅದು ಸರಾಗವಾಗಿ ಬರುವುದು. ಮಗು ತಮಿಳಿನಲ್ಲಿ ಕೇಳಿ ಅಜ್ಜನಿಗೆ ಕನ್ನಡದಲ್ಲಿ ಹೇಳಿದರೆ ಎರಡು ಲಾಭ: ಅಜ್ಜನಿಗೆ ಸುದ್ದಿ ಸಿಕ್ಕುವುದು, ಮಗುವಿನ ಬಾಯಲ್ಲಿ ಬೇಸಾಯದ ಕನ್ನಡ ಉಳಿಯುವುದು. ಮೊದಲನೆಯದಕ್ಕಿಂತ ಎರಡನೆಯದು ನಮಗೆ ಹೆಚ್ಚಿನದಾಗಿ ಕಾಣುವುದು.

ಪೇಟೆಧಾರಣೆ ಈ ಎರಡರ ನಡುವೆ ನಿಲ್ಲುವುದು. ನಮ್ಮ ಟೊಮೇಟೊ ರಾಯಕೋಟೆಗೂ ಹೋಗುವುದು, ಕೋಲಾರಕ್ಕೂ ಹೋಗುವುದು. ಆದರೆ ಧಾರಣೆ ಕೇಳುವಾಗ ಎಚ್ಚರ ಬೇಕು. ಕೋಲಾರದಲ್ಲಿ ೧೫ ಕಿಲೋ ಪೆಟ್ಟಿಗೆಯ ಲೆಕ್ಕ. ಬೇರೆ ಪೇಟೆಯ ಪೆಟ್ಟಿಗೆಯ ತೂಕ ಬೇರೆ. ಪೆಟ್ಟಿಗೆಯ ಬೆಲೆಗೆ ಪೆಟ್ಟಿಗೆಯ ಬೆಲೆಯನ್ನು ಹೋಲಿಸದೆ, ಕಿಲೋವಿಗೆ ಎಷ್ಟಾಯಿತೆಂದು ಭಾಗಿಸಿ, ಗಾಡಿಯ ಬಾಡಿಗೆ ಕಳೆದು ನೋಡಬೇಕು.

ಯಾರೂ ಹೇಳದ ಸುದ್ದಿ

ಎರಡು ಕಡೆಯ ಪ್ರಸಾರವನ್ನು ಕೇಳಿದ ಮೇಲೂ ಒಂದು ಸುದ್ದಿ ಉಳಿದುಹೋಗುವುದು. ಅದು ನಮ್ಮ ಹಳ್ಳಿಯದೇ ಸುದ್ದಿ.

ರಾಗಿ ತೆನೆ ಕಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಾಡಿನಿಂದ ಆನೆಗಳ ಹಿಂಡು ಜವಳಗಿರಿ, ತಳಿ, ನೊಗನೂರುಗಳ ದಾರಿಯಲ್ಲಿ ಸಾನಮಾವಿನವರೆಗೆ, ಕೆಲವು ವರ್ಷ ಶೂಲಗಿರಿಯವರೆಗೆ ಬರುವುದನ್ನು ಈ ಸೀಮೆಯವರಿಗೆ ಹೇಳಬೇಕಾದದ್ದಿಲ್ಲ. ಒಂದು ರಾತ್ರಿಯಲ್ಲಿ ಒಂದು ಕುಟುಂಬದ ವರ್ಷದ ಹಿಟ್ಟು ಹೋಗುವುದು. ಬೆಳಗಿನ ಜಾವ ಹೊಲಕ್ಕೆ ಹೊರಟ ಮನುಷ್ಯನೇ ಹಿಂದಿರುಗದ ದಿನಗಳೂ ಬಂದಿವೆ. ಅರಣ್ಯ ಇಲಾಖೆಯವರು ಹಿಂಡು ಎಲ್ಲಿದೆ ಎಂಬುದನ್ನು ನೋಡಿ ಎಚ್ಚರಿಸುವರು ನಿಜ. ಆದರೆ ಆ ಮಾತು ಕಾಡಂಚಿನ ಒಂಟಿಮನೆಗೆ, ಫೋನಿನಲ್ಲಿ ಓದಲು ಬಾರದ ಮುದುಕಿಗೆ, ಅವಳ ಮಾತಿನಲ್ಲಿ, ಕತ್ತಲಾಗುವ ಮುಂಚೆ ತಲಪಬೇಕು.

ಇದು ಆಗದ ಕೆಲಸವೇನೂ ಅಲ್ಲ. ಛತ್ತೀಸಗಢದಲ್ಲಿ ಅರಣ್ಯ ಇಲಾಖೆಯೂ ಆಕಾಶವಾಣಿಯೂ ಕೂಡಿ ‘ಹಮರ್ ಹಾಥಿ ಹಮರ್ ಗೋಠ್’ ಎಂಬ ಕಾರ್ಯಕ್ರಮವನ್ನು ನಡೆಸಿದವು. ‘ನಮ್ಮ ಆನೆ, ನಮ್ಮ ಮಾತು’ ಎಂದು ಅದರ ಅರ್ಥ. ಹಿಂಡು ಆ ದಿನ ಯಾವ ಊರ ಬಳಿ ಇದೆ, ಯಾವ ಕಡೆ ಹೊರಟಿದೆ ಎಂಬುದನ್ನು ಹಳ್ಳಿಯವರಿಗೆ ಬಾನುಲಿಯಲ್ಲಿ ಹೇಳಿದರು. ಬೆಂಗಳೂರಿನ ಕೇಂದ್ರ ಇದನ್ನು ನಮಗಾಗಿ ಮಾಡಲಿ ಎಂದರೆ ಆಗುವ ಮಾತಲ್ಲ. ಅದು ಕೋಟಿ ಜನರೊಡನೆ ಮಾತಾಡುವುದು. ನೊಗನೂರಿನ ಆನೆ ಹತ್ತು ಹಳ್ಳಿಗಳ ಸುದ್ದಿ. ಹತ್ತು ಹಳ್ಳಿಗಳ ಸುದ್ದಿಗೆ ಹತ್ತು ಹಳ್ಳಿಗಳಷ್ಟೇ ದೊಡ್ಡ ಕೇಂದ್ರ ಬೇಕು. ಸಮುದಾಯ ಬಾನುಲಿಯ ಅಗತ್ಯ ಇಲ್ಲಿ ಬರುವುದು.

ಬೂದಿಕೋಟೆಯವರು ತೋರಿಸಿದ ದಾರಿ

ನಮ್ಮ ವೇಪನಹಳ್ಳಿಯ ಗಡಿಯಾಚೆ, ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನಲ್ಲಿ ಬೂದಿಕೋಟೆ ಎಂಬ ಊರಿದೆ. ಹೈದರಾಲಿ ಹುಟ್ಟಿದ ಊರೆಂದು ಶಾಲೆಯಲ್ಲಿ ಓದಿರುವಿರಿ. ಅಲ್ಲಿ ಇಪ್ಪತ್ತು ವರ್ಷಗಳಿಗೂ ಹಿಂದೆ ಮೈರಾಡ, ವಾಯ್ಸಸ್ ಎಂಬ ಸಂಸ್ಥೆಗಳೂ ಯುನೆಸ್ಕೋವೂ ನೆರವಾಗಿ ‘ನಮ್ಮ ಧ್ವನಿ’ ಎಂಬ ಕೇಂದ್ರ ಹುಟ್ಟಿತು. ಆಗ ಹಳ್ಳಿಯ ಸಂಘಗಳಿಗೆ ಬಾನ ತರಂಗ ಬಳಸಲು ಅನುಮತಿ ಇರಲಿಲ್ಲ. ಅವರು ಸುಮ್ಮನೆ ಕೂರಲಿಲ್ಲ. ಟೆಲಿವಿಷನ್ನಿಗೆ ಎಳೆದಿದ್ದ ಕೇಬಲ್ ತಂತಿಯಲ್ಲಿಯೇ ಧ್ವನಿಯನ್ನು ಮನೆಮನೆಗೆ ಕಳಿಸಿದರು; ಸ್ವಸಹಾಯ ಸಂಘದ ಸಭೆಗಳಲ್ಲಿ ಕ್ಯಾಸೆಟ್ಟು ಹಾಕಿ ಕೇಳಿಸಿದರು. ಮಾತಾಡಿದವರು ಆ ಊರಿನ ಹೆಣ್ಣುಮಕ್ಕಳು, ಯುವಕರು, ರೈತರು.

ಬೀದರಿನ ಮಗ್ಗುಲಲ್ಲಿ, ತೆಲಂಗಾಣದ ಜಹೀರಾಬಾದಿನ ಸಮೀಪದ ಮಾಚನೂರಿನಲ್ಲಿ, ೨೦೦೮ರಲ್ಲಿ ‘ಸಂಘಂ ರೇಡಿಯೋ’ ಆರಂಭವಾಯಿತು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯ ಈ ಕೇಂದ್ರವನ್ನು ನಡೆಸುವವರು ದಲಿತ ಕುಟುಂಬಗಳ ಹೆಣ್ಣುಮಕ್ಕಳು; ಬೀಜ, ಸಿರಿಧಾನ್ಯ, ಮನೆಮದ್ದು, ಹಳ್ಳಿಯ ಹಾಡುಗಳೇ ಅವರ ಸರಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ೨೦೦೭ರಿಂದ ತನ್ನದೇ ಸಮುದಾಯ ಬಾನುಲಿಯನ್ನು ರೈತರಿಗಾಗಿ ನಡೆಸತೊಡಗಿತು. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ‘ಸಾರಂಗ್’ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮೊದಲಾದ ಹಲವು ಭಾಷೆಗಳಲ್ಲಿ ಮಾತಾಡುವುದು. ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಬೀದಿಯಲ್ಲಿ ಕೇಳುವ ನಮ್ಮ ಸೀಮೆಗೆ ಈ ಕೊನೆಯದು ಒಳ್ಳೆಯ ಮಾದರಿ. ಕನ್ನಡಕ್ಕೆ ಒಂದು ಹೊತ್ತು ಬೇಕೆನ್ನುವವರು ನೆರೆಯವನ ತೆಲುಗಿಗೂ ಒಂದು ಹೊತ್ತು ಕೊಡಬೇಕು.

ಇದರ ನಿಯಮಗಳನ್ನು ಸ್ಥೂಲವಾಗಿ ಹೇಳುವೆವು. ಅನುಮತಿ ಕೊಡುವುದು ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯ. ಆದುದರಿಂದ ನಾವು ಯಾವ ರಾಜ್ಯದಲ್ಲಿದ್ದೇವೆ ಎಂಬುದು ಅಡ್ಡಿಯಾಗದು. ಒಬ್ಬ ವ್ಯಕ್ತಿಗೆ ಕೊಡುವುದಿಲ್ಲ; ಕೆಲವು ವರ್ಷ ಸೇವೆ ಮಾಡಿ ತೋರಿಸಿದ ನೋಂದಾಯಿತ ಸಂಸ್ಥೆಗೆ, ವಿದ್ಯಾಸಂಸ್ಥೆಗೆ, ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡುವರು. ಸಾಮಾನ್ಯವಾಗಿ ೧೦೦ ವಾಟ್ ಶಕ್ತಿ, ೩೦ ಮೀಟರಿಗೆ ಮೀರದ ಕಂಬ. ಸುತ್ತಿನ ಹತ್ತು ಕಿಲೋಮೀಟರಿನಷ್ಟು ದೂರಕ್ಕೆ ಚೆನ್ನಾಗಿ ಕೇಳುವುದು. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಆ ಊರಿನವರೇ ಸೇರಿ ಮಾಡಿದ್ದಾಗಿರಬೇಕು, ಸ್ಥಳದ ಭಾಷೆಯಲ್ಲಿರಬೇಕು. ಸ್ವಂತ ರಾಜಕೀಯ ವಾರ್ತೆ ಕೂಡದು. ಹವಾಮಾನ, ನೀರು-ವಿದ್ಯುತ್ತಿನ ಪ್ರಕಟಣೆ, ಅಪಾಯದ ಎಚ್ಚರಿಕೆ ಇವಕ್ಕೆ ಅಡ್ಡಿಯಿಲ್ಲ. ಗಂಟೆಗೆ ಇಷ್ಟು ನಿಮಿಷವೆಂದು ಸ್ವಲ್ಪ ಜಾಹೀರಾತನ್ನೂ ಹಾಕಬಹುದು.

ಕಷ್ಟವನ್ನು ಮುಚ್ಚಿಡುವುದು ಸರಿಯಲ್ಲ. ಅರ್ಜಿ ಹಲವು ಇಲಾಖೆಗಳನ್ನು ಸುತ್ತಿ ಬರುವುದು. ಯಂತ್ರ ಕೊಳ್ಳಲು ಹಣ ಹೇಗೋ ಒದಗೀತು. ದಿನವೂ ಬಂದು ಮಾತಾಡುವ ಜನ ಒದಗುವುದು ಕಷ್ಟ. ನಮ್ಮ ಹುಡುಗರು ಬೆಳಗಾದರೆ ಹೊಸೂರಿನ ಕಾರ್ಖಾನೆಗೆ ಹೋಗುವರು. ಮೊದಲ ತಿಂಗಳ ಉತ್ಸಾಹ ಆರನೆಯ ತಿಂಗಳಿಗೆ ಉಳಿಯುವುದಿಲ್ಲ. ಉಳಿಯುವ ಕೇಂದ್ರಗಳೆಲ್ಲ ಮೊದಲು ಜನರನ್ನು ಕೂಡಿಸಿಕೊಂಡು, ಆಮೇಲೆ ಕಂಬ ನಿಲ್ಲಿಸಿದವು.

ಇಂದೇ ಮಾಡಬಹುದಾದದ್ದು

ಜನರನ್ನು ಕೂಡಿಸುವುದಕ್ಕೂ ಒಂದು ಹಳೆಯ ಮಾದರಿಯಿದೆ. ೧೯೫೬ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆಯ ಸುತ್ತಿನ ಸುಮಾರು ೧೫೦ ಹಳ್ಳಿಗಳಲ್ಲಿ ರೇಡಿಯೋ ಗ್ರಾಮ ಕೂಟಗಳನ್ನು ಏರ್ಪಡಿಸಿದ್ದರು. ಹಳ್ಳಿಯವರು ಕೂಡಿ ಕುಳಿತು ಪ್ರಸಾರ ಕೇಳುವರು, ಕೇಳಿದ್ದನ್ನು ಚರ್ಚಿಸುವರು, ಒಪ್ಪಿದ್ದನ್ನು ಮಾಡುವರು, ಉಳಿದ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆಯುವರು. ಮುಂದೆ ಇದು ದೇಶದ ಇತರ ಕಡೆಗಳಿಗೂ ಹಬ್ಬಿತು. ೧೯೬೦ರ ದಶಕದಲ್ಲಿ ತಂಜಾವೂರಿನ ರೈತರು ಬಾನುಲಿಯಲ್ಲಿ ಕೇಳಿ ಹಿಡಿದ ಎ.ಡಿ.ಟಿ. ೨೭ ಎಂಬ ಭತ್ತಕ್ಕೆ ‘ರೇಡಿಯೋ ಭತ್ತ’ ಎಂದೇ ಹೆಸರಾಯಿತು. ಕೇಳುವುದೂ ಒಂದು ಬೇಸಾಯವೇ. ಕೂಡಿ ಮಾಡಿದರೆ ಫಲ ಹೆಚ್ಚು. ಆದಕಾರಣ ಈ ಕೆಳಗಿನವನ್ನು ಸೂಚಿಸುವೆವು.

೧. ಪ್ರತಿ ಹಳ್ಳಿಯಲ್ಲಿ ಐದಾರು ಮನೆಯವರು ವಾರಕ್ಕೊಮ್ಮೆ ಹಾಲಿನ ಡೇರಿಯ ಬಳಿಯೋ ಗುಡಿಯ ಜ‌ಗಲಿಯಲ್ಲೋ ಕೂಡಿ ಕೇಳಿರಿ. ಒಂದು ವಾರ ಬೆಂಗಳೂರಿನ ಕೃಷಿ ಕಾರ್ಯಕ್ರಮ, ಮರುವಾರ ಧರ್ಮಪುರಿಯದು.

೨. ಒಂದು ಪುಸ್ತಕವಿಡಿರಿ. ಎಡದ ಪುಟಕ್ಕೆ ‘ಮಣ್ಣಿನ ಮಾತು’, ಬಲದ ಪುಟಕ್ಕೆ ‘ಸರ್ಕಾರದ ಮಾತು’ ಎಂದು ತಲೆಬರಹ ಕೊಟ್ಟು, ಕೇಳಿದ್ದನ್ನು ಶಾಲೆಯ ಮಕ್ಕಳಿಂದ ಕನ್ನಡದಲ್ಲಿ ಬರೆಸಿರಿ. ಬಲದ ಪುಟದ್ದು ಗಡಿಯಾಚೆಯ ಮಾತಾದರೆ ಅಡ್ಡಗೆರೆ ಎಳೆಯಿರಿ. ಒಂದು ದಿನದ ಕೂಲಿ ಉಳಿಯುವುದು.

೩. ಪ್ರಸಾರ ಸರಿಯಾಗಿ ಕೇಳದಿದ್ದರೆ ಸುಮಾರು ಮುಕ್ಕಾಲು ಮೀಟರ್ ಉದ್ದದ ತಾಮ್ರದ ತಂತಿಯನ್ನು ಪೆಟ್ಟಿಗೆಯ ಕಡ್ಡಿಗೆ ಸುತ್ತಿ, ಪೆಟ್ಟಿಗೆಯನ್ನು ಎತ್ತರದಲ್ಲಿ, ಕೇಂದ್ರವಿರುವ ದಿಕ್ಕಿನ ಕಿಟಕಿಯ ಬಳಿ ಇಟ್ಟು ನೋಡಿರಿ. ಎಫ್.ಎಂ. ತರಂಗದ ಉದ್ದ ಸುಮಾರು ಮೂರು ಮೀಟರ್. ಅದರ ಕಾಲುಭಾಗದ ತಂತಿ ಅದನ್ನು ಚೆನ್ನಾಗಿ ಹಿಡಿಯುವುದು. ತಂತಿಯನ್ನು ಮನೆಯ ಹೊರಗೆ ಎಳೆದಿದ್ದರೆ ಗುಡುಗು ಮಿಂಚಿನ ಹೊತ್ತಿನಲ್ಲಿ ಅದನ್ನು ಮುಟ್ಟಕೂಡದು. ಮಳೆಗಾಲಕ್ಕೆ ಮುಂಚೆಯೇ ತೆಗೆದಿಡಿರಿ.

೪. ಬೆಟ್ಟದ ಮರೆಯ ಹಳ್ಳಿಯವರಿಗೆ, ಫೋನಿನಲ್ಲಿ ಇಂಟರ್‌ನೆಟ್ ಸಿಕ್ಕುವುದಾದರೆ, ಆಕಾಶವಾಣಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ದೇಶದ ಹಲವು ಕೇಂದ್ರಗಳ ಪ್ರಸಾರ ದೊರೆಯುವುದು. ಎಫ್.ಎಂ. ಇರುವ ಫೋನಿಗೆ ಕಿವಿಯ ತಂತಿ ಸಿಕ್ಕಿಸಿದರೆ ಆ ತಂತಿಯೇ ತರಂಗ ಹಿಡಿಯುವುದು. ಇದಕ್ಕೆ ಇಂಟರ್‌ನೆಟ್ಟಿನ ಖರ್ಚಿಲ್ಲ.

೫. ಕೇಂದ್ರಗಳಿಗೆ ಬರೆಯಿರಿ. ‘ನಾವು ತಳಿಯವರು, ನಿಮ್ಮ ಪ್ರಸಾರ ಕೇಳುತ್ತೇವೆ, ನಮ್ಮ ಬೆಳೆ ಇದು, ನಮ್ಮ ಪ್ರಶ್ನೆ ಇದು’ ಎಂದು ಬೆಂಗಳೂರಿಗೆ ಕನ್ನಡದಲ್ಲಿ, ಧರ್ಮಪುರಿಗೆ ತಮಿಳಿನಲ್ಲಿ ಬರೆಯಿರಿ. ಕೇಳುಗನಿದ್ದಾನೆಂದು ತಿಳಿಯದ ಕೇಂದ್ರ ಅವನಿಗಾಗಿ ಮಾತಾಡದು. ಆನೆಯ ಎಚ್ಚರಿಕೆ ಸಂಜೆಯ ಪ್ರಸಾರದಲ್ಲಿ ಬರಲಿ ಎಂಬ ಬೇಡಿಕೆ ಹತ್ತು ಹಳ್ಳಿಗಳಿಂದ ಹೋದರೆ ಅದಕ್ಕೆ ತೂಕ ಬರುವುದು.

೬. ಹೀಗೆ ಎರಡು ವರ್ಷ ಕೂಡಿ ಕುಳಿತ ಹಳ್ಳಿಗಳಿಗೆ ತಮ್ಮದೇ ಕೇಂದ್ರ ಬೇಕೋ ಬೇಡವೋ ಎಂಬುದು ತಾನಾಗಿಯೇ ತಿಳಿಯುವುದು. ಬೇಕೆಂದಾದರೆ ಆ ಹೊತ್ತಿಗೆ ಬರೆಯುವವರು, ಮಾತಾಡುವವರು, ವಿಷಯ ಕೂಡಿಸುವವರು ಸಿದ್ಧರಿರುವರು. ಸಂಘ ನೋಂದಾಯಿಸಿ ದೆಹಲಿಗೆ ಅರ್ಜಿ ಹಾಕುವುದು ಆಮೇಲಿನ ಕೆಲಸ.

ಬೆಂಗಳೂರಿನ ಹಾಡು ನಮಗೆ ಕನ್ನಡವನ್ನು ಕೇಳಿಸುವುದು, ಧರ್ಮಪುರಿಯ ಮಾತು ನಮ್ಮ ಹಕ್ಕನ್ನು ತಿಳಿಸುವುದು. ಎರಡಕ್ಕೂ ನಾವು ಋಣಿಗಳು. ಆದರೆ ನಮ್ಮ ಹೊಲದ ಬದುವಿನಲ್ಲಿ ಈ ರಾತ್ರಿ ಏನು ನಡೆಯುವುದೆಂದು ಹೇಳಬಲ್ಲವರು ನಾವೇ. ಹೇಳಲು ಆರಂಭಿಸುವ ಮೊದಲು ಕೂಡಿ ಕೇಳಲು ಕಲಿಯೋಣ. ಮುಂದಿನ ವಾರ ರಾಗಿಯ ಕಣಜ ಮತ್ತು ಇಲಿಯ ಕಾಟದ ವಿಚಾರವಾಗಿ ಬರೆಯುವೆವು. ಅಷ್ಟರಲ್ಲಿ ಯಾವ ಹಳ್ಳಿಯಲ್ಲಿ ಯಾವ ಕೇಂದ್ರ ಎಷ್ಟು ತಿಳಿಯಾಗಿ ಕೇಳುವುದೆಂದು ವಾಚಕರು ಪತ್ರಿಕೆಗೆ ಒಂದು ಕಾರ್ಡು ಬರೆದರೆ ಎಲ್ಲವನ್ನೂ ಕೂಡಿಸಿ ಪ್ರಕಟಿಸಲು ಅನುಕೂಲವಾಗುವುದು.